ಕಾಣದ ಗಾಯಕ್ಕೆ ಸಾಕ್ಷಿ ಯಾರು?

‘ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು’ ಎಂಬುದು ದೊಡ್ಡ ಗಂಡಾಂತರದಿಂದ ಪಾರಾದಾಗ ನಮ್ಮ ಹಿರಿಯರು ಆಡುತ್ತಿದ್ದ ಮಾತು. ಮುಂಡಾಸು ಹೋದರೆ ಇನ್ನೊಂದನ್ನು ಸುತ್ತಿಕೊಳ್ಳಬಹುದು, ತಲೆ ಉಳಿಯಿತಲ್ಲ ಎಂಬ ಸಮಾಧಾನ ಅದರಲ್ಲಿದೆ. ಇಂದು ಮುಂಡಾಸು ಸುತ್ತುವವರು ಅಪರೂಪ. ಅದರ ಸ್ಥಾನಕ್ಕೆ ಬಂದ ಹೆಲ್ಮೆಟ್ಟನ್ನು ನಮ್ಮ ಜನ ತಲೆಗಿಂತ ಹೆಚ್ಚಾಗಿ ಮೋಟಾರ್ ಸೈಕಲ್ಲಿನ ಕನ್ನಡಿಗೆ ತೊಡಿಸುತ್ತಾರೆ. ಆದುದರಿಂದ ತಲೆಗೆ ಬಂದದ್ದು ಈಗ ತಲೆಯಲ್ಲಿಯೇ ಉಳಿಯುತ್ತದೆ.

ಹೀಗೆ ಉಳಿದುಕೊಂಡದ್ದು ಎಷ್ಟೋ ವೇಳೆ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಈ ವಾರದ ಲೇಖನದ ವಿಷಯ. ಕೈ ಮುರಿದವನ ಕೊರಳಿಗೆ ಜೋಳಿಗೆಯಿರುತ್ತದೆ. ಕಾಲು ಮುರಿದವನ ಕಂಕುಳಲ್ಲಿ ಕೋಲಿರುತ್ತದೆ. ಅವರನ್ನು ಕಂಡೊಡನೆ ಬಸ್ಸಿನಲ್ಲಿ ಅಪರಿಚಿತನೂ ಎದ್ದು ಜಾಗ ಬಿಡುತ್ತಾನೆ. ಮಿದುಳಿಗೆ ಪೆಟ್ಟಾದವನಿಗೆ ಇಂತಹ ಗುರುತು ಯಾವುದೂ ಇಲ್ಲ. ಬೋಳಿಸಿದ ತಲೆಯ ಮೇಲೆ ನಾಲ್ಕು ತಿಂಗಳಿಗೆ ಕೂದಲು ಬೆಳೆದು ಹೊಲಿಗೆಯ ಗೆರೆ ಮುಚ್ಚಿಹೋಗುತ್ತದೆ. ಅಲ್ಲಿಂದ ಮುಂದೆ ಆತ ಜಗತ್ತಿನ ಕಣ್ಣಿಗೆ ಗುಂಡುಕಲ್ಲಿನಂತಹ ಆಳು. ಆತ ಬೇರೊಬ್ಬನಾಗಿದ್ದಾನೆಂಬುದು ಮನೆಯ ಒಳಗಿನವರಿಗೆ ಮಾತ್ರ ಗೊತ್ತು.

ಈ ಸಂಗತಿಯನ್ನು ವೈದ್ಯಲೋಕದ ಗಮನಕ್ಕೆ ಮೊದಲು ತಂದ ಪ್ರಸಂಗಗಳಲ್ಲಿ ಒಂದು ನಡೆದುದು 1848ರ ಸೆಪ್ಟೆಂಬರಿನಲ್ಲಿ, ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ. ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಕೆಲಸಗಾರರ ಮೇಲ್ವಿಚಾರಕ ಫೀನಿಯಸ್ ಗೇಜ್ ಎಂಬ ಇಪ್ಪತ್ತೈದು ವರ್ಷದ ತರುಣನ ಕೆನ್ನೆಯನ್ನು ಹೊಕ್ಕ ಕಬ್ಬಿಣದ ಹಾರೆ ನೆತ್ತಿಯನ್ನು ಸೀಳಿಕೊಂಡು ಹೊರಬಿತ್ತು. ಅದರ ಉದ್ದ ಮೂರೂವರೆ ಅಡಿಗೂ ಮಿಗಿಲು. ಆತ ಸಾಯಲಿಲ್ಲ, ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಕುಳಿತು ಮಾತನಾಡಿದ. ಕೆಲವು ತಿಂಗಳಲ್ಲಿ ದೇಹ ಚೇತರಿಸಿಕೊಂಡಿತು. ಆದರೆ ಮೊದಲು ದಕ್ಷನೂ ಸಂಯಮಿಯೂ ಆಗಿದ್ದವನು ಈಗ ಮುಂಗೋಪಿ, ಚಂಚಲ, ಯಾವ ಯೋಜನೆಯನ್ನೂ ಕೊನೆಮುಟ್ಟಿಸಲಾರದವನಾಗಿದ್ದನೆಂದು ಆತನನ್ನು ನೋಡಿಕೊಂಡ ಡಾಕ್ಟರ್ ಜಾನ್ ಹಾರ್ಲೋ ಬರೆದಿಟ್ಟಿದ್ದಾರೆ. ಗುತ್ತಿಗೆದಾರರು ಆತನಿಗೆ ಹಳೆಯ ಕೆಲಸ ಕೊಡಲಿಲ್ಲ. ಮುಂದೆ ಚಿಲಿ ದೇಶದಲ್ಲಿ ಕೆಲವು ವರ್ಷ ಕುದುರೆಗಾಡಿ ಹೊಡೆದು ಬದುಕಿದನೆಂಬುದರಿಂದ, ನಿಧಾನವಾಗಿ ಒಂದಿಷ್ಟು ಸುಧಾರಿಸಿಕೊಂಡಿದ್ದನೆಂದೂ ಊಹಿಸಬಹುದು. 1860ರಲ್ಲಿ ಆತ ತೀರಿಕೊಂಡ.

ಗೇಜನ ತಲೆಯ ಮೂಲಕ ಹಾರೆ ಹೋಗಿದ್ದುದರಿಂದ ಆತನ ಬದಲಾವಣೆಗೆ ಕಾರಣವೇನೆಂದು ಯಾರೂ ಪ್ರಶ್ನಿಸಬೇಕಾಗಿರಲಿಲ್ಲ. ನಮ್ಮ ರಸ್ತೆಗಳಲ್ಲಿ ಬಿದ್ದವರಿಗೆ ಆ ಅನುಕೂಲವೂ ಇಲ್ಲ. ತಲೆಬುರುಡೆ ಬಿರಿಯದೆಯೂ ಒಳಗಿನ ಮಿದುಳು ಅಲುಗಿ, ಬುರುಡೆಯ ಗೋಡೆಗೆ ಬಡಿದು, ನರತಂತುಗಳು ಜಗ್ಗಿ ಹರಿಯಬಹುದು. ಮೊದಲ ಸಿ.ಟಿ. ಸ್ಕ್ಯಾನಿನಲ್ಲಿ ಇದು ಸ್ಪಷ್ಟವಾಗಿ ಕಾಣದೆಯೂ ಹೋಗಬಹುದು. ಕಾಣದ ಗಾಯವನ್ನು ಕಾಣುವ ಪುರಾವೆಗಳಿಂದ ತೀರ್ಮಾನಿಸುವ ನ್ಯಾಯಾಲಯದ ಮುಂದೆ ಇಡುವುದು ಹೇಗೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಲ್ಲೂಕು ಕೇಂದ್ರದ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಇಪ್ಪತ್ತೇಳು ವರ್ಷದವನು, ಅಕ್ಷರ ಮುತ್ತಿನಂತಹುದು, ಬಾಯಿಲೆಕ್ಕದಲ್ಲಿ ಗಟ್ಟಿಗ. ಒಂದು ಸಂಜೆ ಮನೆಗೆ ಹೊರಟವನ ಮೋಟಾರ್ ಸೈಕಲ್ಲಿಗೆ ಸರಕಿನ ಗಾಡಿಯೊಂದು ಹಿಂದಿನಿಂದ ಬಡಿಯಿತು. ಹನ್ನೊಂದು ದಿನ ಪ್ರಜ್ಞೆಯಿರಲಿಲ್ಲ. ಬದುಕಿದ, ನಡೆದ, ಮಾತನಾಡಿದ. ಪರಿಹಾರದ ಅರ್ಜಿಯನ್ನು ಆತನ ಹೆಸರಿನಲ್ಲಿಯೇ ಹಾಕಿದ್ದರು. ವಿಚಾರಣೆಯ ದಿನ ವಿಮಾ ಕಂಪೆನಿಯ ಪರ ವಕೀಲರು ಪಾಟೀಸವಾಲಿಗೆ ಎದ್ದು ನಿಂತರು.

“ಈ ದಿನ ಇಲ್ಲಿಗೆ ಹೇಗೆ ಬಂದಿರಿ?”

“ಬಸ್ಸಿನಲ್ಲಿ ಬಂದೆ, ಸಾರ್.”

“ಕೈಕಾಲು ಚೆನ್ನಾಗಿ ಆಡುತ್ತವೆಯೆ?”

“ಆಡುತ್ತವೆ.”

“ಓದು ಬರಹ?”

“ಬರುತ್ತದೆ.”

“ಈಗ ಹೇಗಿದ್ದೀರಿ?”

“ಚೆನ್ನಾಗಿದ್ದೇನೆ, ಸಾರ್.”

ವಕೀಲರು ಕುಳಿತರು. ಅವರದೇನೂ ತಪ್ಪಿಲ್ಲ, ತಮ್ಮ ಕಕ್ಷಿಗಾರರ ಪರವಾಗಿ ಕೇಳಬೇಕಾದುದನ್ನು ಕೇಳಿದರು. ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಆತನಿಗೆ ತಿಳಿದಿತ್ತೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೈಹಿಡಿದು ಇಳಿಸಿದವಳು ಹೆಂಡತಿ. ತಾವು ಬಂದಿರುವುದು ಏಕೆಂದು ದಾರಿಯಲ್ಲಿ ಆತ ಆಕೆಯನ್ನು ಮೂರು ಸಲ ಕೇಳಿದ್ದ.

ಕೆಲವು ದಿನಗಳ ತರುವಾಯ ಆಕೆ ಕಾಗದಪತ್ರಗಳನ್ನು ಬಟ್ಟೆಚೀಲದಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು. “ಎಲ್ಲರೂ ಇವರು ಚೆನ್ನಾಗಿದ್ದಾರೆ ಅಂತಾರೆ, ಸಾರ್. ಇವರೂ ಹಾಗೇ ಅಂತಾರೆ. ಸುಳ್ಳು ಹೇಳ್ತಿರೋಳು ನಾನೊಬ್ಬಳೇ ಅನ್ನೋ ಹಾಗಾಗಿದೆ” ಎಂದಳು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾನೆ. ಮಗು ಅತ್ತರೆ ತಟ್ಟೆ ಎಸೆಯುತ್ತಾನೆ; ಅರ್ಧ ಗಂಟೆಯ ಮೇಲೆ ತಟ್ಟೆ ಯಾರು ಎಸೆದರೆಂದು ಕೇಳುತ್ತಾನೆ. ಹತ್ತು ಅಂಕಿಗಳನ್ನು ಕೂಡಲು ಕುಳಿತರೆ ಪ್ರತಿಸಲವೂ ಬೇರೆ ಮೊತ್ತ ಬರುತ್ತದೆ. ಡಾಕ್ಟರರೊಬ್ಬರು ಕೊಟ್ಟ ಪತ್ರದಲ್ಲಿ ಇದಕ್ಕೆಲ್ಲ ಸೇರಿ ‘ಇಡೀ ದೇಹಕ್ಕೆ ಶೇಕಡಾ 15ರಷ್ಟು ಊನ’ ಎಂದಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು, ಲೋಕ ಅದಾಲತ್ತಿನಲ್ಲಿ ರಾಜಿಯಾಗೋಣವೆಂಬ ಸೂಚನೆಯೂ ಬಂದಿತ್ತು.

ಇಲ್ಲಿ ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ‘ಚೆನ್ನಾಗಿದ್ದೇನೆ’ ಎಂದ ಆತ ಸುಳ್ಳಾಡಲಿಲ್ಲ. ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ತಮ್ಮ ಕೊರತೆಯನ್ನು ತಾವೇ ಅರಿಯಲಾರದ ಸ್ಥಿತಿಯುಂಟಾಗುವುದು ವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ. ಕಾಲಿಲ್ಲದವನಿಗೆ ಕಾಲಿಲ್ಲವೆಂದು ತಿಳಿಯುತ್ತದೆ. ತಿಳಿವಿಗೇ ಪೆಟ್ಟಾದವನಿಗೆ ಅದು ತಿಳಿಯುವುದು ಯಾವುದರಿಂದ? ಆದ್ದರಿಂದ ಇಂತಹ ಮೊಕದ್ದಮೆಗಳಲ್ಲಿ ಗಾಯಗೊಂಡವನೇ ತನ್ನ ಗಾಯಕ್ಕೆ ಅತ್ಯಂತ ದುರ್ಬಲ ಸಾಕ್ಷಿ. ಸಾಕ್ಷಿಯನ್ನು ಬೇರೆಡೆ ಹುಡುಕಬೇಕು.

ಹುಡುಕಲು ಕಾನೂನು ಅವಕಾಶ ಕೊಟ್ಟಿದೆಯೆ? ಧಾರಾಳವಾಗಿ ಕೊಟ್ಟಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ಬೇರೆಯವರ ಅಜಾಗರೂಕತೆಯಿಂದ ಗಾಯಗೊಂಡವರು ಪರಿಹಾರಕ್ಕಾಗಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ 166ನೆಯ ಪ್ರಕರಣದ ಮೇರೆಗೆ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೂ, ಹೊರಗಿನ ಊರುಗಳಲ್ಲಿ ಜಿಲ್ಲಾ ಹಾಗೂ ಹಿರಿಯ ಸಿವಿಲ್ ನ್ಯಾಯಾಧೀಶರೂ ಈ ಮಂಡಳಿಯಾಗಿ ಕುಳಿತು ವಿಚಾರಿಸುತ್ತಾರೆ. ಅಪಘಾತವಾದ ಸ್ಥಳದಲ್ಲಿಯೇ ಅರ್ಜಿ ಹಾಕಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರ ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೂ ಹಾಕಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿರುವಂತೆ ಸಂಶಯಕ್ಕೆ ಎಡೆಯಿಲ್ಲದ ಹಾಗೆ ರುಜುವಾತು ಮಾಡಬೇಕಾಗಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅರ್ಜಿಯಲ್ಲಿ ಕೇಳಿದ ಮೊತ್ತಕ್ಕಿಂತ ಹೆಚ್ಚಿನದು ನ್ಯಾಯವೆಂದು ಕಂಡರೆ ಅದನ್ನೂ ಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿದೆ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲವೆಂಬ ಸಂಕೋಚದಿಂದ ಅರ್ಜಿಯನ್ನೇ ಹಾಕದೆ ಕೂರುವವರುಂಟು. ಎದುರು ಪಕ್ಷದವರು ಆ ಮಾತನ್ನು ಎತ್ತಬಹುದು. ಆದರೆ ಅದರಿಂದ ಅರ್ಜಿಯ ಬಾಗಿಲು ಮುಚ್ಚುವುದಿಲ್ಲ.

ಇನ್ನು ಆ ‘ಶೇಕಡಾ 15’ರ ವಿಷಯ. 2010ರ ಅಕ್ಟೋಬರ್ 18ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪೊಂದು ಗಾಯಾಳುಗಳ ಪಾಲಿಗೆ ದಾರಿದೀಪದಂತಿದೆ. ದೇಹದ ಊನ ಬೇರೆ, ಗಳಿಸುವ ಶಕ್ತಿಯ ನಷ್ಟ ಬೇರೆ. ಮೊದಲನೆಯದರ ಅಂಕಿಯನ್ನು ಕಣ್ಣುಮುಚ್ಚಿಕೊಂಡು ಎರಡನೆಯದಕ್ಕೆ ಹಚ್ಚಬಾರದು ಎಂಬುದು ಅದರ ಸಾರ. ಅಲ್ಲಿ ಕೊಟ್ಟಿರುವ ನಿದರ್ಶನವೂ ಸೊಗಸಾಗಿದೆ. ಎಡಗೈಯನ್ನು ಕತ್ತರಿಸಬೇಕಾಗಿ ಬಂದರೆ ದೇಹದ ಊನ ಸುಮಾರು ಶೇಕಡಾ 60 ಎಂದು ಎಣಿಸಬಹುದು. ಆದರೆ ಆತ ಚಾಲಕನೋ ಬಡಗಿಯೋ ಆಗಿದ್ದರೆ ಗಳಿಕೆಯ ನಷ್ಟ ನೂರಕ್ಕೆ ನೂರಾಗಬಹುದು. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿದುಕೊಳ್ಳಲೂಬಹುದು.

ಈ ನಿದರ್ಶನವನ್ನು ತಿರುಗಿಸಿ ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ಗುಮಾಸ್ತನ ಎರಡು ಕೈಗಳೂ ನೆಟ್ಟಗಿವೆ. ಲೆಕ್ಕ ಹಿಡಿದಿಟ್ಟುಕೊಳ್ಳುವ ಶಕ್ತಿ ಮಾತ್ರ ಹೋಗಿದೆ. ಹಾಗಾದರೆ ಆತ ಕಳೆದುಕೊಂಡದ್ದು ಶೇಕಡಾ 15ನ್ನೋ, ನೂರನ್ನೋ? ಆ ವೃತ್ತಿಯಲ್ಲಿ ಆತನ ಕೈ ಬರೆಯುವ ಉಪಕರಣ ಮಾತ್ರ. ಸಂಬಳ ಬರುತ್ತಿದ್ದುದು ತಲೆಗೆ.

ಅಂಕಿಯ ಅಂತರ ಎಷ್ಟಾಗುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ತಿಂಗಳಿಗೆ 15,000 ರೂಪಾಯಿ ಸಂಬಳವಿದ್ದ, 27 ವರ್ಷದ, ಖಾಸಗಿ ನೌಕರಿಯವನೆಂದು ಇಟ್ಟುಕೊಳ್ಳಿ. ವರ್ಷಕ್ಕೆ 1,80,000. ನಲವತ್ತರೊಳಗಿನ ಇಂತಹವರಿಗೆ ಮುಂದಿನ ಏಳಿಗೆಗೆಂದು ಶೇಕಡಾ 40ನ್ನು ಸೇರಿಸಬೇಕೆಂದು 2017ರ ಸಂವಿಧಾನ ಪೀಠದ ತೀರ್ಪಿದೆ. ಗಾಯಾಳುಗಳಿಗೂ ಈ ಏಳಿಗೆಯ ಲೆಕ್ಕ ಸಲ್ಲುತ್ತದೆಂದು 2020ರಲ್ಲಿ ಸ್ಪಷ್ಟವಾಗಿದೆ. ಅಲ್ಲಿಗೆ 2,52,000. 26ರಿಂದ 30ರ ವಯಸ್ಸಿನವರಿಗೆ 2009ರ ತೀರ್ಪು ನಿಗದಿಮಾಡಿದ ಗುಣಕ 17. ಗುಣಿಸಿದರೆ 42,84,000 ರೂಪಾಯಿ. ಇದರಲ್ಲಿ ಶೇಕಡಾ 15 ಎಂದರೆ 6,42,600. ಶೇಕಡಾ 60 ಎಂದರೆ 25,70,400. ನೂರಕ್ಕೆ ನೂರೆಂದರೆ ಇಡೀ ಮೊತ್ತ. ಮನುಷ್ಯ ಅವನೇ, ಗಾಯವೂ ಅದೇ. ಬದಲಾದದ್ದು ಕಾಗದದ ಮೇಲಿನ ಒಂದು ಅಂಕಿ. ಆ ಮನೆಯ ಮುಂದಿನ ಮೂವತ್ತು ವರ್ಷಗಳ ಅನ್ನ ಆ ಅಂಕಿಯ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಚಿಕಿತ್ಸೆಯ ಖರ್ಚು, ನೋವು, ಮುಂದಿನ ವೈದ್ಯಕೀಯ ವೆಚ್ಚ, ಬದುಕಿನ ಸುಖಗಳ ನಷ್ಟ ಇವುಗಳ ಬಾಬತ್ತು ಬೇರೆ.

ಆದುದರಿಂದ ಸಾಕ್ಷ್ಯವನ್ನು ಕಟ್ಟುವುದು ಮುಖ್ಯ. ಕಟ್ಟುವುದೆಂದರೆ ಕಲ್ಪಿಸುವುದಲ್ಲ, ಇದ್ದುದನ್ನು ಚೆಲ್ಲಿಹೋಗದಂತೆ ಕೂಡಿಡುವುದು. ನನಗೆ ತೋರುವಂತೆ ಕಾಣದ ಗಾಯಕ್ಕೆ ನಾಲ್ವರು ಸಾಕ್ಷಿಗಳುಂಟು.

ಮೊದಲನೆಯ ಸಾಕ್ಷಿ, ಮೊದಲ ದಿನದ ಕಾಗದ. ಆಸ್ಪತ್ರೆಗೆ ತಂದ ಗಳಿಗೆಯಲ್ಲಿ ಪ್ರಜ್ಞೆಯ ಮಟ್ಟವನ್ನು ವೈದ್ಯರು ಅಂಕಿಯಲ್ಲಿ ಬರೆದುಕೊಳ್ಳುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಅಳತೆ ಇದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಇವನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವೆಂದು ಅರ್ಥ. ಈ ಚೀಟಿ, ಸ್ಕ್ಯಾನಿನ ಚಿತ್ರ ಮತ್ತು ವರದಿ, ಗಾಯದ ಪ್ರಮಾಣಪತ್ರ, ಬಿಡುಗಡೆಯ ಸಾರಾಂಶ, ಔಷಧಿಯ ರಸೀದಿ, ಎಫ್.ಐ.ಆರ್., ಮಹಜರು ಇವೆಲ್ಲದರ ಪ್ರತಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಬೇಕು. 2022ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳಂತೆ ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಕಳುಹಿಸಿದ್ದಾರೆಯೆ ಎಂದು ವಿಚಾರಿಸುವುದು ಮನೆಯವರ ಹಕ್ಕು.

ಎರಡನೆಯ ಸಾಕ್ಷಿ, ತಕ್ಕ ವೈದ್ಯ. ಮೂಳೆಯ ಊನವನ್ನು ಅಳೆಯುವ ಕಣ್ಣಿಗೆ ನೆನಪಿನ ಊನ ಕಾಣದು. ನೆನಪು, ಗಮನ, ಯೋಜನಾಶಕ್ತಿ, ಭಾಷೆ ಇವನ್ನು ಒಂದೊಂದಾಗಿ ಪರೀಕ್ಷಿಸುವ ವಿಧಾನಗಳಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರೇ ಭಾರತೀಯರಿಗೆ ಹೊಂದುವಂತಹ ಇಂತಹ ಪರೀಕ್ಷೆಗಳ ಕಟ್ಟೊಂದನ್ನು 2004ರಲ್ಲಿ ಹೊರತಂದಿದ್ದಾರೆ. ಹಲವು ಗಂಟೆಗಳ ಆ ಪರೀಕ್ಷೆಯ ವರದಿ, ಹತ್ತು ನಿಮಿಷದಲ್ಲಿ ಬರೆದ ಪ್ರಮಾಣಪತ್ರಕ್ಕಿಂತ ತೂಕವುಳ್ಳದ್ದು. ಮೇಲೆ ಹೇಳಿದ 2010ರ ತೀರ್ಪು, ಚಿಕಿತ್ಸೆ ನೀಡದೆ ಸಿದ್ಧಪತ್ರ ಕೊಡುವವರ ವಿಷಯದಲ್ಲಿ ಎಚ್ಚರವಿರಬೇಕೆಂದು ನ್ಯಾಯಮಂಡಳಿಗಳಿಗೆ ಹೇಳಿದೆ. ಬೇಕಾದರೆ ವೈದ್ಯಕೀಯ ಮಂಡಳಿಗೆ ಕಳುಹಿಸಿ ಪರೀಕ್ಷೆ ಮಾಡಿಸಬಹುದೆಂದೂ ಸೂಚಿಸಿದೆ. ಹಾಗೆ ಕಳುಹಿಸಿರೆಂದು ಕೇಳಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಮೂರನೆಯ ಸಾಕ್ಷಿ, ಆತ ದುಡಿಯುತ್ತಿದ್ದ ಜಾಗ. ನನ್ನ ವಿದ್ಯಾರ್ಥಿಯ ವಿಷಯದಲ್ಲಿ ನಡೆದುದನ್ನು ಹೇಳುತ್ತೇನೆ. ಆತನ ಹೆಂಡತಿ ಮಂಡಿಯ ಸಾಹುಕಾರರನ್ನು ಕಂಡು ವಿಷಯ ತಿಳಿಸಿದಳು. ಅಪಘಾತದ ತರುವಾಯ ಮರುಕದಿಂದ ಆತನನ್ನು ಎರಡು ತಿಂಗಳು ಮತ್ತೆ ಕೂರಿಸಿಕೊಂಡು, ಕೊನೆಗೆ ಕೈಮುಗಿದು ಮನೆಗೆ ಕಳುಹಿಸಿದ್ದವರು ಅವರು. ಅವರು ಒಳಗೆ ಹೋಗಿ ಎರಡು ಖಾತೆ ಪುಸ್ತಕಗಳನ್ನು ತಂದು ಮೇಜಿನ ಮೇಲೆ ತೆರೆದಿಟ್ಟರು. ಒಂದು ಅಪಘಾತಕ್ಕೆ ಹಿಂದಿನದು. ಒಂದೇ ಒಂದು ತಿದ್ದುವಿಕೆಯಿಲ್ಲ. ಇನ್ನೊಂದು ಆಮೇಲಿನದು, ಅದೇ ಮುತ್ತಿನಂತಹ ಅಕ್ಷರ, ಆದರೆ ಪುಟಪುಟದಲ್ಲಿಯೂ ಮೊತ್ತ ತಪ್ಪು, ಒಂದೇ ರೈತನ ಮೂಟೆ ಎರಡು ಸಲ ಜಮೆ. “ಇದನ್ನು ಕೋರ್ಟಿಗೆ ನಾನೇ ತರುತ್ತೇನಮ್ಮ” ಎಂದರಂತೆ. ಹತ್ತು ಪ್ರಮಾಣಪತ್ರಗಳು ಹೇಳಲಾರದುದನ್ನು ಆ ಎರಡು ಪುಸ್ತಕಗಳು ಅಕ್ಕಪಕ್ಕದಲ್ಲಿ ಕುಳಿತು ಹೇಳುತ್ತಿದ್ದವು.

ನಾಲ್ಕನೆಯ ಸಾಕ್ಷಿ, ಮನೆ. ದಿನಕ್ಕೆ ನಾಲ್ಕು ಸಾಲಿನ ದಿನಚರಿ ಸಾಕು. ‘ಇಂದು ಬೆಳಗ್ಗೆ ಮಗಳ ಹೆಸರು ಮರೆತರು. ಮಧ್ಯಾಹ್ನ ಅಂಗಡಿಗೆ ಹೋದವರು ದಾರಿ ತಪ್ಪಿದರು. ರಾತ್ರಿ ನಿದ್ರೆಯಿಲ್ಲ.’ ತಾರೀಖು ಹಾಕಿ ಆಯಾ ದಿನವೇ ಬರೆದ ಇಂತಹ ಟಿಪ್ಪಣಿಯಿದ್ದರೆ ಎರಡು ವರ್ಷದ ಮೇಲೆ ಕಟಕಟೆಯಲ್ಲಿ ನಿಂತಾಗ ನಾಲಗೆ ತಡವರಿಸುವುದಿಲ್ಲ. ಪರೀಕ್ಷಿಸುವ ವೈದ್ಯರಿಗೂ ಅದು ಉಪಯುಕ್ತ. ಉತ್ಪ್ರೇಕ್ಷೆ ಮಾತ್ರ ಸಲ್ಲದು. ಚೆನ್ನಾಗಿದ್ದ ದಿನವನ್ನು ಚೆನ್ನಾಗಿತ್ತೆಂದೇ ಬರೆಯಬೇಕು. ಪೂರಾ ಕಪ್ಪಾಗಿರುವ ದಿನಚರಿಯನ್ನು ಯಾವ ನ್ಯಾಯಾಧೀಶರೂ ನಂಬಲಾರರು.

ಈಗ ಕಾಲದ ಮಾತು. ಕಾಯಿದೆಗೆ 2019ರಲ್ಲಿ ಮಾಡಿ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಈ ಮಿತಿಯ ವಿರುದ್ಧ ನ್ಯಾಯಾಲಯಗಳಲ್ಲಿ ವಾದ ನಡೆದಿರುವುದು ನಿಜ. ಆದರೂ ಆ ವಾದವನ್ನು ನೆಚ್ಚಿ ಕೂರುವುದು ವಿವೇಕವಲ್ಲ. ಮನೆಯವರು ಆಸ್ಪತ್ರೆಯ ಜಗುಲಿಯಲ್ಲಿ ಮಲಗಿರುವ ಕಾಲದಲ್ಲಿಯೇ ಆರು ತಿಂಗಳು ಸರಿದುಹೋಗುತ್ತದೆ. ಹತ್ತಿರದ ನೆಂಟರೊಬ್ಬರು ಈ ಕೆಲಸವನ್ನು ತಮ್ಮ ಮೇಲೆ ಹಾಕಿಕೊಂಡರೆ ಅದು ಹಣ್ಣುಹಂಪಲು ತಂದುಕೊಡುವುದಕ್ಕಿಂತ ದೊಡ್ಡ ಉಪಕಾರ.

ಅರ್ಜಿಗೆ ಅವಸರ ಬೇಕು. ರಾಜಿಗೆ ಮಾತ್ರ ಅವಸರ ಬೇಡ. ಈ ಎರಡನ್ನು ನಮ್ಮ ಜನ ತಿರುಗುಮುರುಗು ಮಾಡುತ್ತಾರೆ. ಮಿದುಳು ಬಹಳ ನಿಧಾನವಾಗಿ ಮಾಗುವ ಅಂಗ. ಒಂದು ವರ್ಷ, ಕೆಲವರಲ್ಲಿ ಎರಡು ವರ್ಷ ಕಳೆಯದೆ ಎಷ್ಟು ಹಿಂದಿರುಗಿತು, ಎಷ್ಟು ಹೋಯಿತು ಎಂದು ಹೇಳುವುದು ಕಷ್ಟ. ಪೆಟ್ಟಾದ ಎಷ್ಟೋ ತಿಂಗಳ ಮೇಲೆ ಮೂರ್ಛೆರೋಗ ತಲೆದೋರುವುದುಂಟು. ಲೋಕ ಅದಾಲತ್ತು ಬಡವರಿಗೆ ವರವೇ ಸರಿ. ಸಣ್ಣ ಗಾಯಗಳ ತಂಟೆ ಅಲ್ಲಿ ಒಂದೇ ದಿನದಲ್ಲಿ ಹರಿಯುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಮುಂದೆ ಮೂರ್ಛೆ ಬಂದಿತೆಂದು ಮತ್ತೊಮ್ಮೆ ಕೇಳುವಂತಿಲ್ಲ. ಒಪ್ಪಲೇಬಾರದೆಂದು ನಾನು ಹೇಳುತ್ತಿಲ್ಲ. ಪೂರ್ಣ ಪರೀಕ್ಷೆಯ ವರದಿ ಕೈಸೇರುವ ಮೊದಲು ಒಪ್ಪಬಾರದು.

ಅರ್ಜಿಗೆ ರುಜು ಹಾಕುವವರು ಯಾರು ಎಂಬುದೂ ಯೋಚಿಸತಕ್ಕ ವಿಷಯ. ತನ್ನ ಹಿತವನ್ನು ತಾನು ಕಾಪಾಡಿಕೊಳ್ಳಲಾರದಷ್ಟು ಬುದ್ಧಿಶಕ್ತಿ ಕುಂದಿದವನ ಪರವಾಗಿ ಹತ್ತಿರದವರೊಬ್ಬರು ನ್ಯಾಯಾಲಯದಲ್ಲಿ ನಿಲ್ಲಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದ 15ನೆಯ ನಿಯಮ ಅವಕಾಶ ಕೊಡುತ್ತದೆ. ವಕೀಲರ ಮಾತಿನಲ್ಲಿ ಇವರಿಗೆ ‘ನೆಕ್ಸ್ಟ್ ಫ್ರೆಂಡ್’ ಎಂದು ಹೆಸರು. ಹೆಂಡತಿಯೋ ತಂದೆಯೋ ಅಣ್ಣನೋ ಹೀಗೆ ನಿಲ್ಲಬಹುದು. ನಮ್ಮ ತರುಣನ ಅರ್ಜಿಯನ್ನು ಮೊದಲೇ ಹೀಗೆ ಹಾಕಿದ್ದಿದ್ದರೆ, ತನ್ನ ಮಿದುಳಿನ ಸ್ಥಿತಿಯ ವಿಷಯದಲ್ಲಿ ಆತನೇ ಮುಖ್ಯ ಸಾಕ್ಷಿಯಾಗಿ ನಿಲ್ಲುವ ಪ್ರಸಂಗ ಬರುತ್ತಿರಲಿಲ್ಲ. ‘ಹುಚ್ಚನೆಂದು ಬರೆಸಿದಂತಾಗುವುದಿಲ್ಲವೆ?’ ಎಂದು ಅತ್ತೆಮಾವಂದಿರು ಅಂಜುತ್ತಾರೆ. ಆ ಅಂಜಿಕೆ ಸಹಜ, ಆದರೆ ನಿರಾಧಾರ. ಬಿದ್ದು ಪೆಟ್ಟಾದುದನ್ನು ಪೆಟ್ಟಾಯಿತೆನ್ನುವುದರಲ್ಲಿ ಮನೆತನಕ್ಕೆ ಬರುವ ಕುಂದೇನು?

ವಕೀಲರನ್ನು ಆರಿಸುವಾಗಲೂ ಎಚ್ಚರ ಬೇಕು. ಆಸ್ಪತ್ರೆಯ ಬಾಗಿಲಲ್ಲಿಯೇ ಕಾದಿದ್ದು, ‘ಒಂದು ಕಾಸೂ ಬೇಡ, ಬಂದುದರಲ್ಲಿ ಇಷ್ಟು ಪಾಲು ಕೊಟ್ಟರೆ ಸಾಕು’ ಎನ್ನುವ ಮಧ್ಯವರ್ತಿಗಳಿದ್ದಾರೆ. ಕೆಲವು ಪರದೇಶಗಳಲ್ಲಿ ಈ ಪದ್ಧತಿ ನಡೆಯುತ್ತದೆ. ನಮ್ಮಲ್ಲಿ ವಕೀಲರು ಗೆಲುವಿನ ಮೇಲೆ ಫೀಸು ಗೊತ್ತುಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಬರಿಯ ಕಾಗದಕ್ಕೆ ರುಜು ಹಾಕಬೇಡಿ. ಮೂಲಪತ್ರಗಳನ್ನು ರಸೀದಿಯಿಲ್ಲದೆ ಕೊಡಬೇಡಿ. ಫೀಸಿಗೆ ಗತಿಯಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇರುವ ಕಾನೂನು ಸೇವಾ ಸಮಿತಿಯನ್ನು ಕಾಣಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು ಇವರಿಗೆಲ್ಲ ವಕೀಲರ ನೆರವು ಉಚಿತ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ಕೊನೆಯದಾಗಿ ಒಂದು ಮಾತು. ಇಂತಹ ಮನೆಗಳಲ್ಲಿ ಎರಡನೆಯ ಗಾಯಾಳು ಒಬ್ಬಳಿರುತ್ತಾಳೆ. ಹೆಂಡತಿ ಅಥವಾ ತಾಯಿ ಹಗಲಿರುಳು ಕಾಯುವ ಕೆಲಸಕ್ಕೆ ಬೆಲೆ ಕಟ್ಟುವುದು ನಮ್ಮ ಸಂಪ್ರದಾಯದಲ್ಲಿಲ್ಲ. ಅದು ಧರ್ಮ, ಕರ್ತವ್ಯ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಕಾನೂನು ಅದಕ್ಕೂ ಬೆಲೆ ಕಟ್ಟಿದೆ. ಹನ್ನೆರಡು ವರ್ಷದ ಬಾಲಕಿಯೊಬ್ಬಳು 2007ರಲ್ಲಿ ತಂದೆತಾಯಿಯರೊಡನೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಬಡಿದು ಮಿದುಳಿಗೆ ತೀವ್ರ ಪೆಟ್ಟಾಯಿತು. ಮೈ ಬೆಳೆದರೂ ಬುದ್ಧಿ ಒಂಬತ್ತು ತಿಂಗಳ ಕೂಸಿನದಾಗಿ ಉಳಿಯಿತು. ಪಂಜಾಬ್ ಮತ್ತು ಹರಿಯಾಣದ ಉಚ್ಚ ನ್ಯಾಯಾಲಯ ಸುಮಾರು 25 ಲಕ್ಷ ಎಂದಿದ್ದ ಪರಿಹಾರವನ್ನು 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ 62 ಲಕ್ಷಕ್ಕೂ ಮೇಲೆ ಏರಿಸಿತು. ಅದರಲ್ಲಿ ಆಕೆಯನ್ನು ನೋಡಿಕೊಳ್ಳುವವರ ಬಾಬತ್ತೇ 21,60,000 ರೂಪಾಯಿ. ಹಗಲಿಗೊಬ್ಬರು, ರಾತ್ರಿಗೊಬ್ಬರು, ತಲಾ ತಿಂಗಳಿಗೆ 5,000ದಂತೆ 18ರ ಗುಣಕ. ನೋಡಿಕೊಳ್ಳುವವಳು ಹೆತ್ತ ತಾಯಿಯೇ ಆದರೂ ಆಕೆಯ ಶ್ರಮ ಬಿಟ್ಟಿಯಲ್ಲ ಎಂಬುದನ್ನು ಅರ್ಜಿ ಬರೆಸುವಾಗಲೇ ಮರೆಯದೆ ಕಾಣಿಸಬೇಕು.

ಹೀಗೆ ಬಂದ ಹಣವನ್ನು ಕಾಪಾಡುವುದೂ ಮುಖ್ಯ. ದೊಡ್ಡ ಪಾಲನ್ನು ಬ್ಯಾಂಕಿನಲ್ಲಿ ಠೇವಣಿಯಾಗಿಡುವಂತೆ ನ್ಯಾಯಮಂಡಳಿ ಆಜ್ಞೆ ಮಾಡಿದರೆ ಬೇಸರಿಸಬಾರದು. ಹಣ ಬಂದ ವಾರವೇ ಮನೆಗೆ ನೆಂಟರು ಹೆಚ್ಚುತ್ತಾರೆಂಬುದು ಎಲ್ಲರೂ ಕಂಡ ಸಂಗತಿಯಷ್ಟೆ.

ನನ್ನ ವಿದ್ಯಾರ್ಥಿಯ ಮನೆಯವರು ರಾಜಿಗೆ ಒಪ್ಪಲಿಲ್ಲ. ಹೊಸದಾಗಿ ಪರೀಕ್ಷೆ ಮಾಡಿಸಿ ವರದಿ ಸಲ್ಲಿಸಿದ್ದಾರೆ, ಸಾಹುಕಾರರು ಎರಡು ಪುಸ್ತಕಗಳನ್ನು ಹಿಡಿದು ಬಂದು ಸಾಕ್ಷಿ ನುಡಿದಿದ್ದಾರೆ, ತೀರ್ಪು ಬರಬೇಕಾಗಿದೆ. ಏನಾಗುವುದೋ ನಾನರಿಯೆ. ಆದರೆ ಆಕೆ ಹೇಳುತ್ತಿರುವುದು ಸುಳ್ಳೆಂದು ಇನ್ನು ಯಾರೂ ಅನ್ನಲಾರರು. ಅದೂ ಒಂದು ಪರಿಹಾರವೇ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಹೇಳಿ ಅನೇಕರು ಇಂತಹ ಮನೆಯವರನ್ನು ಹಿಂದೆಗೆಸುತ್ತಾರೆ. ಗದ್ದೆಯ ಬದುವಿನ ವ್ಯಾಜ್ಯಕ್ಕೆ ಆ ಗಾದೆ ಒಪ್ಪುತ್ತದೆ. ಅಲ್ಲಿ ಎರಡು ಕಡೆಯವರಿಗೂ ಛಲವೇ ಬಂಡವಾಳ. ಇಲ್ಲಿ ಕೇಳುತ್ತಿರುವುದು ಛಲಕ್ಕಾಗಿ ಅಲ್ಲ. ತನಗೇನಾಗಿದೆಯೆಂದು ತಾನು ಹೇಳಲಾರದವನೊಬ್ಬನ ಪರವಾಗಿ ಇತರರು ಹೇಳುತ್ತಿದ್ದಾರೆ, ಅಷ್ಟೇ. ನಿಮ್ಮ ಬೀದಿಯಲ್ಲಿ ಅಂತಹವನೊಬ್ಬನಿದ್ದರೆ ‘ಈಗ ಚೆನ್ನಾಗಿದ್ದೀಯಲ್ಲಪ್ಪ’ ಎಂದು ಬೆನ್ನು ತಟ್ಟಿ ಹೋಗಬೇಡಿ. ಅವನ ಮನೆಯಾಕೆಯನ್ನು ಒಂದು ಗಳಿಗೆ ನಿಲ್ಲಿಸಿ, ಅಪಘಾತವಾಗಿ ಎಷ್ಟು ತಿಂಗಳಾಯಿತು, ಅರ್ಜಿ ಹಾಕಿದ್ದೀರಾ, ಕಾಗದಗಳೆಲ್ಲ ಇವೆಯೆ ಎಂದು ಕೇಳಿ.